ಕೆಂಪಿಯ ತುರಿಕೆ

ನಮ್ಮ ಹಾಸ್ಟೆಲ್ ಮೆಟ್ಟಿಲ ಕೆಳಗೆ ಮಲಗುವ ಕೆಂಪಿಗೆ ಮಳೆಗಾಲ ಬಂತೆಂದರೆ ತುರಿಕೆ. ಬಾಲದ ಬುಡದ ಕೂದಲು ಉದುರಿ ಚರ್ಮ ಹುಣ್ಣಾಗುತ್ತದೆ. ರಾತ್ರಿ ನಾನು ಮಹಾಪ್ರಬಂಧದ ಅಧ್ಯಾಯ ತಿದ್ದುತ್ತ ಕೂತರೆ, ಕೆರೆದುಕೊಳ್ಳುವ ಅವಳ ಕಾಲು ನೆಲಕ್ಕೆ ಬಡಿಯುವ ಸದ್ದು ನಿಲ್ಲುವುದೇ ಇಲ್ಲ. ಮದ್ದು ಹೇಳುವವರಿಗೇನೂ ಬರವಿಲ್ಲ. ಮೆಸ್ಸಿನ ಅಕ್ಕನದು ಅರಿಶಿನ, ಕೊಬ್ಬರಿ ಎಣ್ಣೆ. ವಾಚ್‌ಮನ್ ಅಣ್ಣನದು ಬೆಳ್ಳುಳ್ಳಿ: "ತಿನ್ನಿಸಿ ನೋಡಿ, ಒಂದು ಚಿಗಟ ಹತ್ತಿರ ಸುಳಿಯಲ್ಲ." ಕಿರಿಯ ಸಂಶೋಧಕನೊಬ್ಬ ಟೀ ಟ್ರೀ ಎಣ್ಣೆಯ ಬಾಟಲಿಯನ್ನೇ ತಂದ.

ಗಿಡಮೂಲಿಕೆ ತಾನೇ, ಏನಾಗುತ್ತೆ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ನಾಯಿಯ ಮೈಗೆ ಹಚ್ಚಿದ್ದು ನೆಕ್ಕಿ ನೆಕ್ಕಿ ಅದರ ಹೊಟ್ಟೆಗೇ ಹೋಗುತ್ತದೆ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಟೀ ಟ್ರೀ ಎಣ್ಣೆ ನಡುಕ, ತೂರಾಟ ತರಬಲ್ಲದು. ಇವೂ ಗಿಡದಿಂದಲೇ ಬಂದವು.

ತುರಿಕೆ ಬಾಲದ ಬುಡದಲ್ಲೇ ಹೆಚ್ಚೆಂದರೆ ಮೊದಲ ಅನುಮಾನ ಚಿಗಟದ ಮೇಲೆ. ಅದರ ಜೊಲ್ಲಿಗೆ ಅಲರ್ಜಿಯಿರುವ ನಾಯಿಗೆ ಒಂದೆರಡು ಕಡಿತವೇ ಸಾಕು. ಚಿಗಟ ಬಿಟ್ಟು ಅರಿಶಿನ ಹಚ್ಚುತ್ತ ಕೂರುವುದೆಂದರೆ ಸೋರುವ ಮಾಡಿನ ಕೆಳಗೆ ನೆಲ ಒರೆಸಿದಂತೆ. ಕೆಂಪಿಗೆ ಕೆಲಸ ಮಾಡಿದ್ದು ಪಶುವೈದ್ಯರು ಕೊಟ್ಟ ಮಾತ್ರೆ. ಜೊತೆಗೆ ಓಟ್ಸ್ ಪುಡಿ ಕದಡಿದ ತಣ್ಣೀರಲ್ಲಿ ಮೈ ತೊಳೆಯುತ್ತೇವೆ, ಉರಿ ಸ್ವಲ್ಪ ಇಳಿಯುತ್ತದೆ. ಅವಳು ಮಲಗುವ ಗೋಣಿಯನ್ನು ಬಿಸಿನೀರಿಗೆ ಹಾಕುತ್ತೇವೆ, ಚಿಗಟದ ಮೊಟ್ಟೆ ಅಡಗುವುದು ಅಲ್ಲೇ. (ನಾವು ಹಚ್ಚಿಕೊಳ್ಳುವ ಸೋಪು ಬೇಡ, ಅವಳ ಚರ್ಮ ಇನ್ನಷ್ಟು ಒಣಗುತ್ತದೆ.)

ಮಾತ್ರೆಯ ದುಡ್ಡನ್ನು ನಾಲ್ವರು ಹಂಚಿಕೊಳ್ಳುತ್ತೇವೆ. ಬರುವ ವರ್ಷ ನಾನಿಲ್ಲಿರುವುದಿಲ್ಲ. ಎಣ್ಣೆ ತಂದ ಹುಡುಗನಿಗೇ ಮಾತ್ರೆಯ ಹೆಸರು ಬರೆದುಕೊಟ್ಟಿದ್ದೇನೆ.