ಬರೆಯುವುದೊಂದು, ಕರೆಯುವುದೊಂದು

ಇಂಗ್ಲೆಂಡಿನಲ್ಲಿ ರೆಡಿಂಗ್ ಎಂಬುದೊಂದು ಊರು. ಅಲ್ಲಿಗೆ ಹೋಗಬೇಕೆನ್ನುವವರು ಅದರ ಹೆಸರನ್ನು ಓದದೆ ಇರುವುದೇ ಲೇಸು. ‘ಓದುವಿಕೆ’ ಎಂಬ ಅರ್ಥದಲ್ಲಿ ಮಾಸ್ತರರು ನಮಗೆ ಕಲಿಸಿದ ‘ರೀಡಿಂಗ್’ ಶಬ್ದಕ್ಕೂ ಈ ಊರಿಗೂ ಅಕ್ಷರಗಳು ಒಂದೇ. ಹೀಗಾಗಿ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದ ಟಿಕೇಟಿನ ಕಿಟಕಿಯಲ್ಲಿ ನಾನು “ರೀಡಿಂಗ್, ಒಂದೂವರೆ” ಎಂದು ಕೇಳಿದೆ. ಒಳಗಿದ್ದವನು ನನ್ನನ್ನೂ ನನ್ನ ಕೈ ಹಿಡಿದಿದ್ದ ಅರ್ಧ ಟಿಕೇಟನ್ನೂ ನೋಡಿ, ಬಹಳ ನಯವಾಗಿ “ರೆಡಿಂಗ್” ಎಂದು ಟಿಕೇಟು ಮುಂದಿಟ್ಟ. ಓದಿಗೂ ಆ ಊರಿಗೂ ಯಾವ ಸಂಬಂಧವೂ ಇಲ್ಲವಂತೆ. ಹಿಂದೆಂದೋ ಅಲ್ಲಿ ನೆಲೆಸಿದ್ದ ಒಂದು ಪಂಗಡದ ಹೆಸರು ಅದು.

“ಅಪ್ಪಾ, ಇನ್ನ ಮ್ಯಾಲೆ ನೀ ಸುಮ್ನಿರು, ನಾ ಕೇಳತೀನಿ” ಎಂದಳು ಮಗಳು.

ಅವಳು ಮುಂಬಯಿಯ ಇಂಗ್ಲಿಷ್ ಶಾಲೆಯಲ್ಲಿ ಐದನೆಯ ಇಯತ್ತೆ. ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ನನ್ನ ಉಚ್ಚಾರ ತಿದ್ದುತ್ತಾಳೆ. ನಾನು ಸಿಟ್ಟಾಗುವುದಿಲ್ಲ. ನನ್ನ ಇಂಗ್ಲಿಷೆಲ್ಲ ಕಾಗದದ ಮೇಲಿನದು. ಹನ್ನೆರಡು ವರ್ಷಗಳಿಂದ ಸರಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಬರವಣಿಗೆಯಲ್ಲಿ ಯಾರೂ ತಪ್ಪು ಹಿಡಿದಿಲ್ಲ. ಆದರೆ ಒಮ್ಮೆ ಒಂದು ಸಭೆಯಲ್ಲಿ ಮೇಲಧಿಕಾರಿಗಳು ಟಿಪ್ಪಣಿಯನ್ನು ಗಟ್ಟಿಯಾಗಿ ಓದೆಂದರು. ಸಾಲ ಎಂಬರ್ಥದ ಇಂಗ್ಲಿಷ್ ಶಬ್ದದಲ್ಲಿ ‘ಬಿ’ ಅಕ್ಷರ ಕಂಡದ್ದರಿಂದ ನಾನು ‘ಡೆಬ್ಟ್’ ಎಂದೆ. ‘ಡೆಟ್’ ಎನ್ನಬೇಕಿತ್ತು. ಇಡೀ ಸಭೆ ನಕ್ಕಿತು. ಅಂದಿನಿಂದ ಸಭೆಗಳಲ್ಲಿ ನನಗೆ ಗಂಟಲು ಕೆಟ್ಟಿರುತ್ತದೆ.

ಪ್ರವಾಸದ ಕಾರಣ ಹೇಳುವುದು ಮರೆತೆ. ರೆಡಿಂಗಿನಲ್ಲಿರುವ ನನ್ನ ತಂಗಿಯ ಬಾಣಂತನಕ್ಕೆಂದು ಅವ್ವ ಹೋಗಿ ಐದು ತಿಂಗಳಾಗಿತ್ತು. ಅವಳನ್ನು ಕರೆತರಲು ತಂಗಿ ನಮ್ಮಿಬ್ಬರಿಗೆ ಟಿಕೇಟು ಕಳಿಸಿದ್ದಳು. ಕಚೇರಿಯ ಪರವಾನಗಿ ಕೈಸೇರುವಷ್ಟರಲ್ಲಿ ಕೂಸು ಮಗುಚಿಕೊಳ್ಳಲು ಕಲಿತಿತ್ತು.

ಲಂಡನ್ ನೋಡಲು ನಾನೂ ಮಗಳೂ ದಿನವೂ ರೈಲಿನಲ್ಲಿ ಹೋಗುತ್ತಿದ್ದೆವು. ನಾನಂತೂ ಊರನ್ನು ನೋಡಿದ್ದಕ್ಕಿಂತ ಫಲಕಗಳನ್ನು ನೋಡಿದ್ದೇ ಹೆಚ್ಚು. ನಾವು ಥೇಮ್ಸ್ ಎಂದು ಓದಿದ ನದಿ ‘ಟೆಮ್ಸ್’. ಅದರ ಹಳೆಯ ಬರಹದಲ್ಲಿ ‘ಎಚ್’ ಇರಲೇ ಇಲ್ಲ. ಗ್ರೀಕ್ ಗಾಂಭೀರ್ಯ ಬರಲೆಂದು ಪಂಡಿತರು ಆಮೇಲೆ ಸೇರಿಸಿದರು. ನನ್ನನ್ನು ನಗೆಗೀಡುಮಾಡಿದ ‘ಬಿ’ಯ ಕಥೆಯೂ ಅದೇ. ಫ್ರೆಂಚಿನಿಂದ ಆ ಶಬ್ದ ಬಂದಾಗ ‘ಬಿ’ ಇರಲಿಲ್ಲ. ಲ್ಯಾಟಿನ್ನಿನ ಮೂಲದಲ್ಲಿ ಇದೆಯೆಂದು ಪಂಡಿತರು ತಂದು ಕೂಡಿಸಿದರು. ಜನ ಅದನ್ನು ಬಾಯಿಗೆ ತೆಗೆದುಕೊಳ್ಳಲೇ ಇಲ್ಲ. ಪಂಡಿತರನ್ನು ನಂಬಿದವನು ನಾನೊಬ್ಬನೇ ಎಂದಾಯಿತು!

ನೈಟ್ಸ್‌ಬ್ರಿಜ್ ಎಂಬ ನಿಲ್ದಾಣದ ಹೆಸರಿನ ಮೊದಲಿಗೇ ‘ಕೆ’ ಇದೆ, ನಡುವೆ ‘ಜಿ’, ‘ಎಚ್’ ಇವೆ; ಮೂರೂ ಮೌನವ್ರತದಲ್ಲಿವೆ. ಹಿಂದೆ ಇವನ್ನೆಲ್ಲ ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದ. ಮುಂದೆ ಜನರ ನಾಲಗೆ ಬದಲಾಗುತ್ತ ಹೋಯಿತು, ಅಚ್ಚುಮೊಳೆಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತವು. ನಾವೇನು ಕಡಿಮೆ? ಜ್ಞಾನ ಎಂದು ಬರೆದು ಗ್ಯಾನ ಎನ್ನುತ್ತೇವೆ. ಶೀವ್ ಎಂಬ ಊರನ್ನು ಇಂಗ್ಲಿಷರ ಕಾಗುಣಿತ ನೋಡಿ ಸಾಯನ್ ಎನ್ನುತ್ತೇವೆ.

ಫ್ಲೀಟ್ ಬೀದಿಯ ಹಿಂದಿನ ಓಣಿಯಲ್ಲಿ ಡಾಕ್ಟರ್ ಜಾನ್ಸನ್ ಬಾಳಿದ ಮನೆ ಇದೆ. 1755ರಲ್ಲಿ ಪ್ರಕಟವಾದ ಅವರ ಮಹಾನಿಘಂಟು ಸಿದ್ಧವಾದದ್ದು ಅಲ್ಲಿಯೇ, ಮೇಲಿನ ಅಟ್ಟದಲ್ಲಿ. ಪ್ರವೇಶಧನ ಕೊಟ್ಟು ರಸೀದಿ ಪಡೆದೆ. ರಸೀದಿಗೆ ಇಂಗ್ಲಿಷಿನಲ್ಲಿರುವ ಶಬ್ದದ ಹೊಟ್ಟೆಯಲ್ಲಿ ಒಂದು ಮೂಕ ‘ಪಿ’ ಇದೆಯಷ್ಟೆ. ಜಾನ್ಸನ್ನರು ಅದನ್ನು ಹಾಗೆಯೇ ಉಳಿಸಿದರು. ಆದರೆ ಅದರ ಒಡಹುಟ್ಟಿದಂತಿರುವ, ಮೋಸ ಎಂಬರ್ಥದ ‘ಡಿಸೀಟ್’ ಶಬ್ದಕ್ಕೆ ‘ಪಿ’ ಕೊಡಲಿಲ್ಲ. ಗುಡ್ಡ ಏರುವ ‘ಅಪ್‌ಹಿಲ್’ಗೆ ಎರಡು ‘ಎಲ್’, ಇಳಿಯುವ ‘ಡೌನ್‌ಹಿಲ್’ಗೆ ಒಂದೇ. ಇಂಥ ಟಿಪ್ಪಣಿ ನನ್ನ ಮೇಜಿಗೆ ಬಂದಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಿರುಗಿಸುತ್ತಿದ್ದೆ. ಆ ಮಹಾನುಭಾವರ ಬಗ್ಗೆ ನನಗೆ ಹೇಳತೀರದ ಆತ್ಮೀಯತೆ ಹುಟ್ಟಿತು.

ಅಂದೇ ಮಧ್ಯಾಹ್ನ ಮಗಳು ಸಮವಸ್ತ್ರದಲ್ಲಿದ್ದವನೊಬ್ಬನನ್ನು ದಾರಿ ಕೇಳಿದಳು. ಸ್ಪಷ್ಟವಾಗಿ, ಒಂದು ಅಕ್ಷರವನ್ನೂ ಬಿಡದೆ “ಲೈಸೆಸ್ಟರ್ ಸ್ಕ್ವೇರ್” ಎಂದಳು. ಅವನು “ಲೆಸ್ಟರ್” ಎಂದು ಕೈ ತೋರಿಸಿದ. ಪಕ್ಕದಲ್ಲಿ ಅವಳದೇ ವಯಸ್ಸಿನ ಇಬ್ಬರು ಹುಡುಗಿಯರಿದ್ದರು. ಅವಳ ಮಾತನ್ನೇ ಮೆಲ್ಲಗೆ ಹೇಳಿಕೊಂಡು ನಕ್ಕರು. ಅಷ್ಟೇ. ಆಮೇಲೆ ಮಗಳು ಯಾರನ್ನೂ ಏನೂ ಕೇಳಲಿಲ್ಲ. ಐಸ್‌ಕ್ರೀಮ್ ಬೇಕೇ ಎಂದರೆ ತಲೆಯಾಡಿಸಿ ಬೇಡವೆಂದಳು. ನನ್ನನ್ನು ವರ್ಷಗಟ್ಟಲೆ ತಿದ್ದಿದವಳಿಗೆ ಈ ಗತಿ ಬಂತೆಂದು ನನಗೆ ಒಳಗೊಳಗೇ ನಗು ಬರಬೇಕಿತ್ತು. ಬರಲಿಲ್ಲ. ಆ ಮೌನ ನನಗೆ ಚೆನ್ನಾಗಿ ಪರಿಚಯದ್ದು.

ಮನೆಗೆ ಬಂದಾಗ ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. “ಎಲ್ಲಿಗೆ ಹೋಗಿದ್ರಿ? ಲೆಸ್ಟರ್ ಚೌಕಕ್ಕೇನು?” ಎಂದಳು.

ನಾವಿಬ್ಬರೂ ಅವಳ ಮುಖ ನೋಡಿದೆವು. ಅವ್ವ ಕಲಿತದ್ದು ಕನ್ನಡ ಮೂರನೆಯ ಇಯತ್ತೆ. ಇಂಗ್ಲಿಷಿನ ಒಂದಕ್ಷರವೂ ಅವಳಿಗೆ ಬಾರದು. ಆದ್ದರಿಂದ ಆ ಅಕ್ಷರಗಳು ಅವಳಿಗೆ ಮೋಸ ಮಾಡಿರಲಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ ಕೂಗಿ ಹೇಳಿದ ಹೆಸರುಗಳನ್ನು ಕಿವಿಗೆ ಬಿದ್ದಂತೆ ಹಾಲಿನ ಲೆಕ್ಕದ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಳು: ರೆಡಿಂಗ್, ಲೆಸ್ಟರ್, ಗ್ಲಾಸ್ಟರ್, ಗ್ರೆನಿಚ್. ಮಗಳು ಆ ಪುಸ್ತಕವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಅದು ನಮ್ಮ ತಪ್ಪು. ನಾಳೆ ಕಲಿಸಿದರಾಯಿತೆಂದು ಬಿಟ್ಟದ್ದು.

ವಿಮಾನ ನಿಲ್ದಾಣಕ್ಕೆ ಹೊರಟ ದಿನ ಅಜ್ಜಿ ಮೊಮ್ಮಗಳು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತರು. ನಡುವೆ ಹಾಲಿನ ಲೆಕ್ಕದ ಪುಸ್ತಕ. ಒಂದು ನಿಲ್ದಾಣದಲ್ಲಿ ಗಾಡಿ ನಿಂತಿತು. ಜಾನ್ಸನ್ನರ ಮನೆ ಇದ್ದ ಗಾಫ್ ಚೌಕದ ಹೆಸರಿಗಿದ್ದ ಬಾಲವೇ ಇದರ ಹೆಸರಿಗೂ ಇತ್ತು. ಮಗಳು ಫಲಕ ನೋಡಿ, ಅಕ್ಕಪಕ್ಕ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ನೋಡಿ, ಪಿಸುಮಾತಿನಲ್ಲಿ “ಸ್ಲಾಫ್?” ಎಂದಳು.

ಅವ್ವ ಪುಸ್ತಕ ತೆರೆಯಲಿಲ್ಲ. “ಸ್ಲೌ” ಎಂದಳು. “ಇಲ್ಲಿ ಕರಿಬೇವು ಛಲೋ ಸಿಗತದ.”