ಅರವತ್ತಾರು, ಎಂಬತ್ತಮೂರು, ನೂರು

ಜಕ್ಕೂರಿನ ವಿಮಾನಾಂಗಣಕ್ಕೆ ಕೂಗಳತೆಯಲ್ಲಿ ನಮ್ಮ ಮನೆ. ಮಹಡಿಯ ಕೋಣೆಯಲ್ಲಿ ಮೊಮ್ಮಗನ ಕಂಪ್ಯೂಟರ್ ಇದೆ. ಕಳೆದ ಬೇಸಿಗೆಯ ಒಂದು ಸಂಜೆ ಅವನು ಕೆಳಗಿಳಿದು ಬಂದು, “ತಾತಾ, ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲಾ? ಅಪ್ಪನ್ನ ಕೇಳಿದರೆ ಮಾತೇ ಆಡದೆ ಎದ್ದು ಹೋದರು” ಎಂದನು. ಅವನ ಅಪ್ಪ ಏಕೆ ಎದ್ದು ಹೋದನೆಂಬುದು ನಮಗೆ ತಿಳಿದಿತ್ತು.

ನಾವು ಇಪ್ಪತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ಮೋಟಾರು ತನ್ನ ಪಾಡಿಗೆ ತಿರುಗುತ್ತದೆ. ಗೇರು ಬದಲಿಸಿದಂತೆ ಸ್ಪಿಂಡಲಿನ ವೇಗ ಬದಲಾಗುತ್ತದೆ. ಪ್ರೊಸೆಸರಿನ ವಿಷಯವೂ ಹೆಚ್ಚು ಕಡಿಮೆ ಹಾಗೆಯೇ. ಮದರ್‌ಬೋರ್ಡು ಒಂದು ಮೂಲ ಮಿಡಿತವನ್ನು ಕೊಡುತ್ತದೆ, ಪ್ರೊಸೆಸರು ಅದನ್ನು ಒಂದು ಗುಣಕದಿಂದ ಹೆಚ್ಚಿಸಿಕೊಳ್ಳುತ್ತದೆ. ತಯಾರಕರು ನಮೂದಿಸುವ ವೇಗ, ಎಂಥ ಹವೆಯಲ್ಲೂ ಯಂತ್ರ ತಪ್ಪದೆ ನಡೆಯಲೆಂದು ತುಸು ಕೈಹಿಡಿದು ಹೇಳಿದ ವೇಗ. ಆ ಉಳಿಕೆಯನ್ನು ಬಳಸಿಕೊಳ್ಳುವುದಕ್ಕೇ ಓವರ್‌ಕ್ಲಾಕ್ ಎಂದು ಹೆಸರು.

1998ರ ಆಗಸ್ಟ್‌ನಲ್ಲಿ ಇಂಟೆಲ್ ಸಂಸ್ಥೆಯ ಸೆಲೆರಾನ್ 300ಎ ಹೊರಬಂತು. ಮೂಲ ಮಿಡಿತ 66 ಮೆಗಾಹರ್ಟ್ಸ್, ಗುಣಕ ನಾಲ್ಕೂವರೆ, ಒಟ್ಟು 300. ಮಿಡಿತವನ್ನು 100ಕ್ಕೆ ಏರಿಸಿದರೆ ಅದೇ ಅಗ್ಗದ ಚಿಪ್ಪು 450ರಲ್ಲಿ ಓಡುತ್ತಿತ್ತು. ಇದು ಲೋಕಪ್ರಸಿದ್ಧವಾದ ಸಂಗತಿ. ಆಗ ಕಾಲೇಜಿನಲ್ಲಿದ್ದ ನಮ್ಮ ಮಗ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ತಾನೇ ಜೋಡಿಸಿದನು. ಚಳಿಗಾಲವೆಲ್ಲ ಯಂತ್ರ ಸೊಗಸಾಗಿ ನಡೆಯಿತು.

‘ಬರಹ’ ತಂತ್ರಾಂಶವೂ ಅದೇ ವರ್ಷ ಬಂದಿತ್ತು. ನಮ್ಮ ಮನೆಯವರಿಗೆ ತವರಿನಿಂದ ಬಂದ ಸೋಬಾನೆ ಪದಗಳು, ಶಾಸ್ತ್ರದ ಹಾಡುಗಳು ನೂರಕ್ಕೂ ಮಿಕ್ಕಿ ಬಾಯಿಗೆ ಬರುತ್ತಿದ್ದವು. ಅಡಿಗೆಮನೆಯ ಕೆಲಸ ಮುಗಿಸಿ ಅವರು ಹೇಳುವುದು, ಮಗ ಅಚ್ಚಿಸುವುದು, ನಾವು ಕಾಗುಣಿತ ತಿದ್ದುವುದು. ಬೇಸಿಗೆ ಬಂದೊಡನೆ 450ರಲ್ಲಿ ಯಂತ್ರ ನಿಂತುನಿಂತು ಹೋಗತೊಡಗಿತು. “ಹಾಗಾದರೆ ಸ್ವಲ್ಪ ಇಳಿಸೋಣ” ಎಂದು ಮಗ ಮಿಡಿತವನ್ನು 83ಕ್ಕೆ ತಂದನು. ಇಳಿಸಿದ ಮೇಲೆ ಅಪಾಯವೂ ಇಳಿಯಿತೆಂದೇ ನಾವೂ ಎಣಿಸಿದೆವು.

ಎಡವಿದ್ದು ಅಲ್ಲಿಯೇ. ಹಾರ್ಡ್‌ಡಿಸ್ಕಿಗೆ ಮಾಹಿತಿ ಸಾಗುವ ಪಿಸಿಐ ಎಂಬ ದಾರಿಗೆ 33 ಮೆಗಾಹರ್ಟ್ಸ್ ಮಾತ್ರ ಹಿತ. 66 ಇದ್ದಾಗ ಬೋರ್ಡು ಅದನ್ನು ಎರಡರಿಂದ ಭಾಗಿಸುತ್ತದೆ, 100 ಇದ್ದಾಗ ಮೂರರಿಂದ. ಎರಡರಲ್ಲೂ 33 ಉಳಿಯುತ್ತದೆ. ಅಂದಿನ ಎಷ್ಟೋ ಬೋರ್ಡುಗಳು 83ನ್ನೂ ಎರಡರಿಂದಲೇ ಭಾಗಿಸುತ್ತಿದ್ದವು, ಆಗ ದಾರಿಯ ವೇಗ 41ನ್ನು ದಾಟುತ್ತಿತ್ತು. ಪ್ರೊಸೆಸರು ಸುಖವಾಗಿಯೇ ಇತ್ತು. ಡಿಸ್ಕಿನ ಮೇಲೆ ಬರೆದದ್ದು ಮಾತ್ರ ಸದ್ದಿಲ್ಲದೆ ಕೆಡುತ್ತಾ ಬಂದಿತ್ತು. ಒಂದು ದಿನ ಕಡತ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಫ್ಲಾಪಿಯಲ್ಲಿದ್ದದ್ದು ಮೊದಲ ನಲವತ್ತು ಹಾಡು ಮಾತ್ರ. ಮನೆಯವರು ಬೇಸರಿಸದೆ ಮತ್ತೆ ಹೇಳಲು ಕುಳಿತರು. ಮೂವತ್ತೊಂದು ಹಾಡು ಆಗುವಷ್ಟರಲ್ಲಿ ಕಾಯಿಲೆ ಬಿದ್ದರು. 2001ರಲ್ಲಿ ನಮ್ಮನ್ನು ಅಗಲಿದರು. ಮಗನನ್ನು ನಾವು ಆ ದಿನ ಬೈದದ್ದು ಹೆಚ್ಚಾಯಿತೆಂದು ಇಂದಿಗೂ ಅನ್ನಿಸುತ್ತದೆ. 83 ಆಗಲೆಂದು ಒಪ್ಪಿದವರಲ್ಲಿ ನಾವೂ ಒಬ್ಬರು ತಾನೇ?

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆವು. ಬೇಡವೆನ್ನಲಿಲ್ಲ. ಕಡತಗಳನ್ನೆಲ್ಲ ಹೊರಗೆ ನಕಲು ಮಾಡದೆ ಯಾವುದನ್ನೂ ಮುಟ್ಟಕೂಡದು ಎಂದೆವು. ಈಗಿನ ಚಿಪ್ಪುಗಳಲ್ಲಿ ಮೂಲ ಮಿಡಿತವನ್ನು ಮುಟ್ಟುವ ಅಗತ್ಯವೇ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವವುಗಳ ಗುಣಕ ಬಿಚ್ಚಿರುತ್ತದೆ. ಒಂದು ಏರಿಸಿದರೆ 100 ಮೆಗಾಹರ್ಟ್ಸ್ ಹೆಚ್ಚುತ್ತದೆ. ಒಂದೊಂದೇ ಮೆಟ್ಟಿಲು ಹತ್ತಬೇಕು, ಪ್ರತಿ ಮೆಟ್ಟಿಲಲ್ಲೂ ಪ್ರೈಮ್95ರಂಥ ತಂತ್ರಾಂಶ ಹಾಕಿ ಗಂಟೆಗಟ್ಟಲೆ ದುಡಿಸಿ ನೋಡಬೇಕು. ವೋಲ್ಟೇಜಿನ ಬಗ್ಗೆ ಮಾತ್ರ ಬಹಳ ಬಿಗಿಯಾಗಿರಬೇಕು. ವೇಗ ಹತ್ತು ಪಾಲು ಏರಿದರೆ ಶಾಖವೂ ಸುಮಾರು ಹತ್ತು ಪಾಲು. ವೋಲ್ಟೇಜು ನೂರಕ್ಕೆ ಹತ್ತು ಏರಿದರೆ ಶಾಖ ಇಪ್ಪತ್ತೊಂದು. ಅಲ್ಲದೆ ಕೋಣೆ ಎಷ್ಟು ಡಿಗ್ರಿ ಕಾದರೆ ಚಿಪ್ಪೂ ಸುಮಾರು ಅಷ್ಟೇ ಕಾಯುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿದ್ದನ್ನು ಕಂಡವರು ನಾವು. ಡಿಸೆಂಬರಿನಲ್ಲಿ ಪರೀಕ್ಷಿಸಿ ಗೆದ್ದೆನೆನ್ನುವುದು ನಮ್ಮೂರಿನಲ್ಲಿ ಗೆಲುವಲ್ಲ.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಅಲ್ಪ. ಇಂದಿನ ಪ್ರೊಸೆಸರುಗಳು ಬೇಕಾದಾಗ ತಾವೇ ವೇಗ ಏರಿಸಿಕೊಂಡು, ಕಾದಾಗ ತಾವೇ ಇಳಿಸಿಕೊಳ್ಳುತ್ತವೆ. ಆದರೆ ಲೇತಿನ ಮುಂದೆ ನಿಂತ ಮೊದಲ ವರ್ಷ, ಮೇಸ್ತ್ರಿಯ ಕಣ್ಣು ತಪ್ಪಿಸಿ ಗೇರು ಏರಿಸಿ ಟೂಲ್ ಸುಟ್ಟುಕೊಂಡವರು ನಾವು! ಹುಡುಗನಿಗೆ ಬುದ್ಧಿ ಹೇಳುವ ಬಾಯಿ ನಮಗೆಲ್ಲಿಯದು?

ಭಾನುವಾರ ಮೂರು ಮೆಟ್ಟಿಲು ಏರಿತು, ನಾಲ್ಕನೆಯದರಲ್ಲಿ ಪರದೆ ನೀಲಿಯಾಯಿತು, ಮತ್ತೆ ಎರಡಕ್ಕೆ ಇಳಿಸಿದೆವು. ಅದಕ್ಕೂ ಮೊದಲು, ನಕಲು ಮಾಡುವ ಹೊತ್ತಿಗೆ, ಮಗ ಯಾರೂ ಕರೆಯದೆ ಮಹಡಿ ಹತ್ತಿ ಬಂದು ತನ್ನ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟನು. “ಇದನ್ನೂ ಒಂದು ಕಾಪಿ ಮಾಡಿಡಪ್ಪ” ಎಂದನು. ತೆರೆದು ನೋಡಿದರೆ ಎಪ್ಪತ್ತೊಂದು ಹಾಡು.