ಒಂದು ತಾಸಿನ ಲೆಕ್ಕ

ನನ್ನ ಅಕ್ಕ ಇರುವುದು ಬೆಂಗಳೂರಿನ ಬಸವನಗುಡಿಯಲ್ಲಿ. ವಯಸ್ಸು ಎಂಬತ್ತರ ಹತ್ತಿರ, ಜೊತೆಗೆ ಸಕ್ಕರೆ ಕಾಯಿಲೆ. ಮಗ ನನಗೆ ಮೊದಲ ಸಲ ವಿಮಾನದ ಟಿಕೆಟ್ ತೆಗೆಸಿದಾಗ, ಕುಂದಗೋಳದಿಂದಲೇ ಫೋನು ಮಾಡಿ ಜಂಬದಿಂದ ಹೇಳಿದ್ದೆ: “ಅಕ್ಕಾ, ಒಂಬತ್ತೂವರೆಗೆ ವಿಮಾನ. ಒಂದ ತಾಸಿನ ಹಾದಿ. ಹನ್ನೊಂದಕ್ಕ ಇಬ್ಬರೂ ಕೂಡಿ ರೊಟ್ಟಿ ಉಣ್ಣೋಣು.”

ಆ ಲೆಕ್ಕ ನನ್ನ ಸ್ವಂತದ್ದು. ಆರನೆಯ ತರಗತಿಯ ಮೊಮ್ಮಗಳ ಅಟ್ಲಾಸ್ ತೆಗೆದು, ಹುಬ್ಬಳ್ಳಿಯಿಂದ ದೇವನಹಳ್ಳಿಗೆ ದಾರ ಹಿಡಿದು ಅಳೆದಿದ್ದೆ. ನೇರ ದೂರ ಸುಮಾರು 370 ಕಿ.ಮೀ. ಬಂತು. ಹಾವೇರಿ, ದಾವಣಗೆರೆ, ಅರಸೀಕೆರೆ ಎಂದು ಸುತ್ತಿ ಹೋಗುವ ರೈಲಿಗೆ ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 470 ಕಿ.ಮೀ. ಆಗುತ್ತದೆ. ಪಂಖದ ಸಣ್ಣ ವಿಮಾನವೂ ತಾಸಿಗೆ ಸುಮಾರು 500 ಕಿ.ಮೀ. ಹಾರುತ್ತದೆ. ಭಾಗಿಸಿದರೆ ಮುಕ್ಕಾಲು ತಾಸು. ಆದರೆ ಟಿಕೆಟ್‌ನಲ್ಲಿ ಒಂದೂಕಾಲು ತಾಸು ಎಂದಿತ್ತು. “ಅಜ್ಜಾ, ಉಳಿದ ಅರ್ಧ ತಾಸು ಎಲ್ಲಿ ಹೋತು?” ಎಂದು ಮೊಮ್ಮಗಳು ಕೇಳಿದಳು. ನಾನು ಉತ್ತರಿಸಲಿಲ್ಲ.

ಉತ್ತರ ಸಿಕ್ಕಿದ್ದು ವಿಮಾನದಲ್ಲಿ. ನಿಂತ ಜಾಗದಿಂದ ಹೊರಟಾಗಲೇ ಅದರ ಸಮಯ ಶುರು. ಮೊದಲು ಎತ್ತಿನ ಬಂಡಿಯಂತೆ ನಿಧಾನವಾಗಿ ರನ್‌ವೇ ಕಡೆ ಉರುಳುತ್ತದೆ. ಮೇಲೇರುವಾಗ, ಇಳಿಯುವಾಗ ಪೂರ್ಣ ವೇಗವಿಲ್ಲ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯಬೇಕು. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಾಯವ್ಯದಿಂದ ಹೋದ ನಾವು ತಿರುಗಿ ಆ ಗೆರೆಗೆ ಸೇರಬೇಕಾಯಿತು. ದಾರದಂತೆ ನೇರ ಹಾದಿ ಆಕಾಶದಲ್ಲೂ ಇಲ್ಲ.

ಇಳಿದಾಗ ಹತ್ತೂಮುಕ್ಕಾಲು. ಚೀಲ ಕೈಗೆ ಬಂದು ಹೊರಬೀಳುವಷ್ಟರಲ್ಲಿ ಹನ್ನೊಂದೂಕಾಲು. ಅಲ್ಲಿಂದ ಬಸವನಗುಡಿಗೆ ವಾಹನಗಳ ಸಾಲಿನಲ್ಲಿ ಪೂರಾ ಎರಡು ತಾಸು. ವಿಮಾನದಲ್ಲಿ ಆರಿಸಿದ ಫೋನನ್ನು ಮತ್ತೆ ಹಚ್ಚುವುದನ್ನೂ ಮರೆತಿದ್ದೆ.

ಬಾಗಿಲು ತೆರೆದಾಗ ಅಕ್ಕ ಮಂಚದ ಮೇಲಿದ್ದಳು. ಮೈಯೆಲ್ಲ ಬೆವರು, ಕೈಯಲ್ಲಿ ನಡುಕ. ನಾನು ಹೇಳಿದ ಹೊತ್ತನ್ನು ನಂಬಿ ಊಟದ ಮೊದಲಿನ ಸಕ್ಕರೆ ಗುಳಿಗೆ ನುಂಗಿದ್ದಳು. ತಮ್ಮ ಈಗ ಬಂದ, ಆಗ ಬಂದ ಎಂದು ರೊಟ್ಟಿ ಮುಟ್ಟದೆ ಕಾದಿದ್ದಳು. ಸೊಸೆ ಸಕ್ಕರೆ ನೀರು ಕುಡಿಸುತ್ತಿದ್ದಳು. ಸುಧಾರಿಸಿಕೊಂಡ ಮೇಲೆ ಅಕ್ಕ ಅಂದದ್ದು ಇಷ್ಟೇ: “ಒಂದ ತಾಸು ಅಂದಿದ್ದೆಲ್ಲೋ ತಮ್ಮಾ.”

ಊರಿಗೆ ಮರಳಿ ಮೊಮ್ಮಗಳ ಮುಂದೆ ಪಾಟಿ ಹಿಡಿದು ಕೂತೆ. ಮನೆಯಿಂದ ಬಸ್ಸು, ಆಟೋ ಹಿಡಿದು ಹುಬ್ಬಳ್ಳಿ ಗೋಕುಲ ರಸ್ತೆಯ ನಿಲ್ದಾಣಕ್ಕೆ ಒಂದೂಕಾಲು ತಾಸು. ತಪಾಸಣೆ ಮುಗಿಸಿ ಕಾದದ್ದು ಒಂದೂಮುಕ್ಕಾಲು. ವಿಮಾನ ಒಂದೂಕಾಲು. ಚೀಲಕ್ಕೆ ಅರ್ಧ. ಕಾರಿನಲ್ಲಿ ಎರಡು. ಅವಳು ಕೂಡಿಸಿ, “ಆರೂಮುಕ್ಕಾಲು ತಾಸು, ಅಜ್ಜಾ” ಎಂದಳು. ಮಕ್ಕಳೇ, ನಿಮ್ಮ ಅಜ್ಜ–ಅಜ್ಜಿಗೆ ಬರುವ ಹೊತ್ತು ಹೇಳುವಾಗ ಹೀಗೆ ಹೊಸ್ತಿಲಿಂದ ಹೊಸ್ತಿಲಿಗೆ ಲೆಕ್ಕ ಹಾಕಿ. ಅವರು ಆ ಅಂಕಿಯನ್ನೇ ಹಿಡಿದು ಕಾಯುತ್ತಾರೆ.

ಮುಂದಿನ ಸಲ ನಾನು, “ಅಕ್ಕಾ, ಮಧ್ಯಾಹ್ನ ಎರಡು ಆಗತೈತಿ. ನೀ ಉಂಡಿರು” ಎಂದೆ.

“ಉಣ್ಣತೀನಿ” ಎಂದಳು ಅಕ್ಕ. “ಆದರ ಅರ್ಧ ರೊಟ್ಟಿ ಹಸಿವು ಉಳಿಸಿಕೊಂಡಿರತೀನಿ.”